ಗಾಳದ ಮತ್ತಿ ಮೆತ್ತಗಾಗುವುದೇಕೆ? ಹಿಡಿ ಉಪ್ಪು ಸಾಲದು

ಪ್ರಶ್ನೆ: ನಮ್ಮ ಕಾಫಿ ತೋಟ ಸಿದ್ದಾಪುರದ ಹತ್ತಿರ, ಕಾವೇರಿಯ ದಡದಲ್ಲಿದೆ. ಬಾಳೆ ಮೀನಿಗೆಂದು ಗಾಳಕ್ಕೆ ಮತ್ತಿ ಮೀನು ಚುಚ್ಚಿದರೆ ನೀರಿಗೆ ಬಿದ್ದ ಸ್ವಲ್ಪ ಹೊತ್ತಿಗೇ ಮೆತ್ತಗಾಗಿ ಕಳಚಿಹೋಗುತ್ತದೆ. ಅಮೆರಿಕದ ಕಡೆ ಹೆರ್ರಿಂಗ್ ಮೀನನ್ನು ಉಪ್ಪುನೀರಿನಲ್ಲಿ ನೆನೆಸಿ ಗಟ್ಟಿ ಮಾಡಿ ಬಳಸುತ್ತಾರೆಂದು ಕೇಳಿ, ನಾನೂ ಒಂದು ಪಾತ್ರೆ ನೀರಿಗೆ ಒಂದು ಹಿಡಿ ಉಪ್ಪು ಹಾಕಿ ರಾತ್ರಿಯಿಡೀ ನೆನೆಸಿದೆ. ಮೀನು ಮೊದಲಿಗಿಂತಲೂ ಮೆತ್ತಗಾಯಿತು. ಎಲ್ಲಿ ತಪ್ಪಿದೆ? ಒಣಮೀನನ್ನೇ ನೆನೆಸಿ ಬಳಸಬಹುದೇ?

ಉತ್ತರ: ‘ಒಂದು ಹಿಡಿ ಉಪ್ಪು’ ಎಂದು ಬರೆದಿದ್ದೀರಲ್ಲ, ತಪ್ಪಿದ್ದು ಅಲ್ಲೇ. ನೀವು ಉಪ್ಪು ಹಾಕಿದ್ದು ಸರಿ, ಸಾಲದಷ್ಟು ಹಾಕಿದಿರಿ. ಸಾಲದ ಉಪ್ಪುನೀರು ಮೀನನ್ನು ಗಟ್ಟಿ ಮಾಡುವುದಿಲ್ಲ ಎಂಬುದಷ್ಟೇ ಅಲ್ಲ, ಇನ್ನಷ್ಟು ಮೆತ್ತಗೆ ಮಾಡುತ್ತದೆ. ಗಾಳ ಹಾಕುವ ಬಹಳಷ್ಟು ಜನ ಇಲ್ಲಿಯೇ ಎಡವಿ, ‘ಉಪ್ಪಿನ ವಿದ್ಯೆ ನಮ್ಮ ಮೀನಿಗೆ ಆಗಿಬರುವುದಿಲ್ಲ’ ಎಂದು ಕೈಬಿಡುತ್ತಾರೆ. ಆದ್ದರಿಂದ ಈ ವಿಷಯವನ್ನೇ ಮೊದಲು ಬಿಡಿಸಿ ಹೇಳುತ್ತೇನೆ.

ಮೀನಿನ ಮಾಂಸದ ಎಳೆಗಳಲ್ಲಿರುವ ಪ್ರೋಟೀನು ಉಪ್ಪಿಗೆ ಎರಡು ಬಗೆಯಲ್ಲಿ ಸ್ಪಂದಿಸುತ್ತದೆ. ನೀರಿನಲ್ಲಿ ಉಪ್ಪು ನೂರಕ್ಕೆ ಐದಾರು ಪಾಲಿನಷ್ಟಿದ್ದಾಗ ಆ ಪ್ರೋಟೀನು ಸಡಿಲಗೊಂಡು ಊದಿಕೊಳ್ಳುತ್ತದೆ, ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ಮಾಂಸವನ್ನು ಹುರಿಯುವ ಮೊದಲು ತೆಳು ಉಪ್ಪುನೀರಿನಲ್ಲಿ ಇಟ್ಟರೆ ರಸಭರಿತವಾಗುವುದು ಇದೇ ಕಾರಣಕ್ಕೆ. ಬಾಣಲೆಗೆ ಅದು ಒಳ್ಳೆಯದು, ಗಾಳಕ್ಕೆ ಅಲ್ಲ. ಉಪ್ಪಿನ ಪ್ರಮಾಣ ಏರುತ್ತಾ ಹದಿನೈದು, ಇಪ್ಪತ್ತು ಪಾಲನ್ನು ಮುಟ್ಟಿದಾಗ ಕೆಲಸ ತಿರುಗುಮುರುಗಾಗುತ್ತದೆ. ಪ್ರೋಟೀನು ಬಿಗಿದುಕೊಳ್ಳುತ್ತದೆ, ಹೊರಗಿನ ದಟ್ಟ ಉಪ್ಪು ಮಾಂಸದೊಳಗಿನ ನೀರನ್ನು ಹೊರಗೆ ಸೆಳೆಯುತ್ತದೆ, ಎಳೆಗಳು ಹತ್ತಿರಕ್ಕೆ ಸರಿದು ಚರ್ಮ ಮಾಂಸಕ್ಕೆ ಅಂಟಿ ನಿಲ್ಲುತ್ತದೆ. ನಮಗೆ ಬೇಕಾದದ್ದು ಈ ಬಿಗಿ.

ನಮ್ಮ ಮನೆಗಳಲ್ಲಿ ಕಾಡುಮಾವಿನ ಕಾಯನ್ನು ಭರಣಿಯಲ್ಲಿ ಉಪ್ಪುನೀರು ಹಾಕಿ ಇಡುವುದನ್ನು ನೀವು ಕಂಡೇ ಇರುತ್ತೀರಿ. ಉಪ್ಪು ಸಾಲದ ಭರಣಿಯ ಕಾಯಿ ಲೊಳಲೊಳ ಎನ್ನುತ್ತದೆ, ಕೈ ಬಿಚ್ಚಿ ಉಪ್ಪು ಹಾಕಿದ ಭರಣಿಯ ಕಾಯಿ ಸುರುಟಿ, ವರ್ಷ ಕಳೆದರೂ ಕಚ್ಚಿದರೆ ಕಟುಂ ಎನ್ನುತ್ತದೆ. ಎರಡರ ಒಳಗಿನ ವಿವರ ಬೇರೆಯಾದರೂ, ಉಪ್ಪು ಹಾಕುವ ಕೈ ಹೇಗಿರಬೇಕು ಎಂಬುದನ್ನು ಆ ಭರಣಿಯೇ ಕಲಿಸುತ್ತದೆ.

ಇನ್ನು ಹೆರ್ರಿಂಗ್ ವಿಷಯ. ವಾಷಿಂಗ್ಟನ್, ಒರೆಗಾನ್, ಕೆನಡಾದ ಬ್ರಿಟಿಷ್ ಕೊಲಂಬಿಯಾ ಕರಾವಳಿಗಳಲ್ಲಿ ಸಾಲ್ಮನ್ ಹಿಡಿಯುವವರು ಪೆಸಿಫಿಕ್ ಹೆರ್ರಿಂಗನ್ನು ಎರೆಯಾಗಿ ಬಳಸುತ್ತಾರೆ. ಅವರ ಪದ್ಧತಿಯಲ್ಲಿ ಮೀನಿನ ತಲೆಯನ್ನು ಓರೆಯಾಗಿ ಕತ್ತರಿಸಿ, ಎರಡು ಗಾಳ ಚುಚ್ಚಿ, ನಡೆಯುವ ದೋಣಿಯ ಹಿಂದೆ ನಿಧಾನವಾಗಿ ಎಳೆಯುತ್ತಾರೆ. ಆ ಓರೆ ಕತ್ತರಿಕೆಯಿಂದಾಗಿ ಎರೆ ನೀರಿನಲ್ಲಿ ಗಾಯಗೊಂಡ ಮೀನಿನಂತೆ ಸುರುಳಿ ಸುರುಳಿಯಾಗಿ ಹೊರಳುತ್ತದೆ, ಸಾಲ್ಮನ್ ಮುಗಿಬೀಳುವುದು ಆ ಹೊರಳಾಟಕ್ಕೆ. ಗಂಟೆಗಟ್ಟಲೆ ಎಳೆದರೂ ಹರಿಯಬಾರದು, ಹೊಟ್ಟೆ ಬಿರಿಯಬಾರದು, ಹೊಳಪು ಕೊಡುವ ಹುರುಪೆ ಉದುರಬಾರದು. ಅದಕ್ಕಾಗಿಯೇ ಅವರು ಹಿಂದಿನ ರಾತ್ರಿ ಹೆರ್ರಿಂಗನ್ನು ತಣ್ಣನೆಯ ದಟ್ಟ ಉಪ್ಪುನೀರಿನಲ್ಲಿ ಇಡುವುದು. ನಮ್ಮ ಹೊಳೆಯಲ್ಲಿ ಎರೆಯನ್ನು ದೋಣಿಯ ಹಿಂದೆ ಎಳೆಯುವ ಪದ್ಧತಿಯಿಲ್ಲ, ಸೀಸದ ಗುಂಡು ಕಟ್ಟಿ ಮಡುವಿನ ತಳಕ್ಕೆ ಬಿಡುತ್ತೇವೆ. ಆದ್ದರಿಂದ ಓರೆ ಕತ್ತರಿಕೆಯ ಕಸರತ್ತು ನಿಮಗೆ ಬೇಕಾಗಿಲ್ಲ, ಬಿಗಿ ಮಾತ್ರ ಬೇಕು.

ಮತ್ತಿ ಹೆರ್ರಿಂಗ್‌ಗೆ ಹತ್ತಿರದ ನೆಂಟ. ಮಂಗಳೂರಿನವರು ಬೂತಾಯಿ ಎನ್ನುವುದು, ಕುಂದಾಪುರದ ಕಡೆ ಬೈಗೆ ಎನ್ನುವುದು, ಉತ್ತರ ಕನ್ನಡದಲ್ಲಿ ತಾರ್ಲೆ ಎನ್ನುವುದು ಇದನ್ನೇ. ಎರಡೂ ಹಿಂಡುಹಿಂಡಾಗಿ ಈಜುವ, ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ತಿನ್ನುವ, ಎಣ್ಣೆ ತುಂಬಿದ ಮೀನುಗಳು. ಎಣ್ಣೆ ಇರುವುದರಿಂದಲೇ ವಾಸನೆ ದೂರ ಹರಡುತ್ತದೆ, ಎರೆಗೆ ಅದೇ ಬಂಡವಾಳ. ಆದರೆ ಈ ಗುಣದ ಜೊತೆಗೇ ಒಂದು ದೋಷವೂ ಬಂದಿದೆ. ಹೊಟ್ಟೆ ತುಂಬ ತಿಂದ ಮತ್ತಿ ಸತ್ತ ಮೇಲೆ ಅದರ ಜೀರ್ಣರಸಗಳು ಕೆಲಸ ನಿಲ್ಲಿಸುವುದಿಲ್ಲ, ಸ್ವಂತ ಹೊಟ್ಟೆಯ ಗೋಡೆಯನ್ನೇ ಕರಗಿಸತೊಡಗುತ್ತವೆ. ಮಂಜುಗಡ್ಡೆ ಸಾಲದೆ ಬಂದ ಮತ್ತಿಯ ಹೊಟ್ಟೆ ಬಿರಿದು ಕರುಳು ಹೊರಗೆ ಕಾಣುವುದು ಇದರಿಂದ. ಕಣ್ಣೂರು, ತಲಶ್ಶೇರಿ ಕಡೆಯ ಮೀನು ಮಾಕುಟ್ಟ ಘಾಟಿ ಹತ್ತಿ, ಮಂಗಳೂರು ಕಡೆಯದು ಸಂಪಾಜೆ ಘಾಟಿ ಹತ್ತಿ ನಮ್ಮನ್ನು ತಲಪುವ ಹೊತ್ತಿಗೆ ಹಿಡಿದು ಬಹಳ ಹೊತ್ತಾಗಿರುತ್ತದೆ. ಕೆಟ್ಟು ಕರಗಿದ ಮೀನನ್ನು ಯಾವ ಉಪ್ಪೂ ಹಿಂದಕ್ಕೆ ತರುವುದಿಲ್ಲ. ಎರೆಗೆ ತಾನೇ, ಹಳಸಿದ್ದಾದರೂ ನಡೆಯುತ್ತದೆ ಎಂಬ ಯೋಚನೆಯನ್ನು ದಯವಿಟ್ಟು ಬಿಡಿ. ಸಾರಿಗೆ ಆಯುವಷ್ಟೇ ಎಚ್ಚರದಿಂದ ಎರೆಗೂ ಆಯಬೇಕು: ಕಣ್ಣು ಉಬ್ಬಿ ತಿಳಿಯಾಗಿರಬೇಕು, ಹೊಟ್ಟೆ ಒತ್ತಿದರೆ ಬೆರಳಿನ ಗುರುತು ಉಳಿಯಬಾರದು, ಹುರುಪೆ ಮೈಗೆ ಅಂಟಿಕೊಂಡಿರಬೇಕು. ಗೇಣಿಗಿಂತ ಸ್ವಲ್ಪ ಚಿಕ್ಕದಾದ, ಐದಾರು ಅಂಗುಲದ ಮೀನು ಅನುಕೂಲ.

ಅಂಗಡಿಯಲ್ಲಿ ಇನ್ನೊಂದು ಮಾತು ಮರೆಯದೆ ಹೇಳಬೇಕು. ಅವರು ಅಭ್ಯಾಸಬಲದಿಂದ ಹುರುಪೆ ಕೆರೆದು, ಹೊಟ್ಟೆ ಸೀಳಿ ಕೊಟ್ಟುಬಿಡುತ್ತಾರೆ. ಹಾಗೆ ಮಾಡಬೇಡಿ, ಇಡೀ ಮೀನೇ ಕೊಡಿ ಎನ್ನಿ. ಮನೆಗೆ ತಂದ ಮೇಲೆ ನಲ್ಲಿಯ ಕೆಳಗೆ ತಿಕ್ಕಿ ತೊಳೆಯಲೂ ಬೇಡಿ. ಕರಗಿದ ಮಂಜುಗಡ್ಡೆಯ ನೀರಿನಲ್ಲಿ ಮೀನು ತೇಲುತ್ತಿದ್ದರೆ ಕೂಡಲೇ ತೆಗೆಯಿರಿ, ಆ ಸಿಹಿನೀರನ್ನು ಅದು ಕುಡಿಯುತ್ತಲೇ ಇರುತ್ತದೆ.

ಈಗ ಅಳತೆ. ಒಂದು ಕಿಲೋ ಮತ್ತಿಗೆ ಎರಡು ಲೀಟರ್ ನೀರು, ಅರ್ಧ ಕಿಲೋ ಹರಳುಪ್ಪು. ಅಂದರೆ ಲೀಟರಿಗೆ 250 ಗ್ರಾಂ, ಉಪ್ಪುನೀರಿನ ಒಟ್ಟು ತೂಕದಲ್ಲಿ ನೂರಕ್ಕೆ ಇಪ್ಪತ್ತು ಪಾಲು ಉಪ್ಪು. ನೀರು ಕರಗಿಸಿಕೊಳ್ಳಬಲ್ಲ ಗರಿಷ್ಠ ಉಪ್ಪು ಲೀಟರಿಗೆ ಸುಮಾರು 360 ಗ್ರಾಂ, ಹಾಗಾಗಿ ನಾವು ಇನ್ನೂ ಅಂಚು ಮುಟ್ಟಿಲ್ಲ. ಒಂದೇ ಲೀಟರ್ ನೀರು ಸಾಲದೇ ಎಂದು ಕೇಳಬಹುದು. ಸಾಲದು. ಒಂದು ಕಿಲೋ ಮೀನಿನಲ್ಲಿ ಮುಕ್ಕಾಲು ಕಿಲೋದಷ್ಟು ನೀರೇ ಇರುತ್ತದೆ. ಅದು ಹೊರಬಂದು ಭರಣಿಯ ಉಪ್ಪುನೀರನ್ನು ತೆಳುವಾಗಿಸುತ್ತದೆ. ಒಂದು ಲೀಟರಿನಲ್ಲಿ ಇಪ್ಪತ್ತರಿಂದ ಹೊರಟ ಪ್ರಮಾಣ ಕೊನೆಗೆ ಹದಿಮೂರರ ಆಸುಪಾಸಿಗೆ ಇಳಿಯುತ್ತದೆ, ಎರಡು ಲೀಟರಿನಲ್ಲಿ ಹದಿನೈದರ ಮೇಲೆಯೇ ನಿಲ್ಲುತ್ತದೆ. ನನ್ನ ಕೈಯಲ್ಲಿ ಒಳ್ಳೆಯ ಮತ್ತು ಕೆಟ್ಟ ಭರಣಿಗಳ ನಡುವಿನ ವ್ಯತ್ಯಾಸ ಹೆಚ್ಚಾಗಿ ಇಷ್ಟೇ ಇರುತ್ತಿತ್ತು.

ಕೋಳಿಮೊಟ್ಟೆ ತೇಲಿದರೆ ಉಪ್ಪು ಸಾಕು ಎಂಬ ಹಳೆಯ ಪರೀಕ್ಷೆಯೊಂದಿದೆ. ಅದನ್ನು ನಂಬಿ ನಿಲ್ಲಬೇಡಿ. ತಾಜಾ ಮೊಟ್ಟೆ ಹತ್ತು-ಹನ್ನೆರಡು ಪಾಲಿಗೇ ತೇಲತೊಡಗುತ್ತದೆ. ಅದು ಮೇಲೆ ಬಂತೆಂದರೆ ನೀವು ಅರ್ಧ ದಾರಿ ಬಂದಿದ್ದೀರಿ ಎಂದಷ್ಟೇ ಅರ್ಥ. ತಕ್ಕಡಿಯೇ ಮೇಲು.

ನೀರು ಬಾವಿಯದ್ದಾದರೆ ಒಳ್ಳೆಯದು. ಪಟ್ಟಣದ ನಲ್ಲಿ ನೀರಿನಲ್ಲಿ ಕ್ಲೋರಿನ್ ವಾಸನೆ ಇದ್ದರೆ ಅಗಲ ಬಾಯಿಯ ಪಾತ್ರೆಯಲ್ಲಿ ಒಂದು ರಾತ್ರಿ ತೆರೆದಿಟ್ಟು ಬಳಸಿ. ಮೂಸಿ ಬೇಟೆಯಾಡುವ ಮೀನಿಗೆ ಎರೆ ಒಡ್ಡುವಾಗ ಬೇರೆ ವಾಸನೆ ಬೆರೆಸುವುದೇಕೆ? ಉಪ್ಪಿನ ಮಾತಿಗೆ ಬಂದರೆ, ಅಯೋಡಿನ್ ಇರುವ ಉಪ್ಪು ಬೇಡವೇ ಬೇಡ ಎಂದು ಅಲ್ಲಿನ ಹೆರ್ರಿಂಗ್ ಪರಿಣತರು ಖಡಾಖಂಡಿತವಾಗಿ ಹೇಳುತ್ತಾರೆ. ನಾನು ಅಷ್ಟು ಹಟ ಹಿಡಿಯುವುದಿಲ್ಲ. ನಮ್ಮ ಅಡುಗೆ ಉಪ್ಪಿನಲ್ಲಿ ಅಯೋಡಿನ್ ಇರುವುದು ಹತ್ತು ಲಕ್ಷಕ್ಕೆ ಹದಿನೈದು, ಮೂವತ್ತು ಭಾಗದ ಲೆಕ್ಕದಲ್ಲಿ. ಆದರೆ ಪುಡಿ ಉಪ್ಪಿಗೆ ಗಂಟು ಕಟ್ಟದಿರಲೆಂದು ಸೇರಿಸುವ ಪದಾರ್ಥ ನೀರನ್ನು ಮಂಕಾಗಿಸುತ್ತದೆ, ದರವೂ ಹೆಚ್ಚು. ಅರ್ಧ ಕಿಲೋ ಸುರಿಯಬೇಕಾದ ಕಡೆ ಹರಳುಪ್ಪೇ ಲೇಸು.

ನೀರು ಮತ್ತು ಉಪ್ಪನ್ನು ಬೆರೆಸಿ, ಪೂರ್ತಿ ಕರಗಿದ ಮೇಲೆ, ಮೀನು ಹಾಕುವ ಮೊದಲೇ ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಬೇಕು. ಈ ಹಂತವನ್ನು ನಾನು ಒಮ್ಮೆ ಹಾರಿಸಿದ್ದೆ. ಮನೆಯಲ್ಲಿ ಕಾಡುಮಾವಿಗೆ ಉಪ್ಪುನೀರು ಕುದಿಸುತ್ತಿದ್ದರು. ಅದರಲ್ಲೇ ಎರಡು ಲೀಟರ್ ತೆಗೆದುಕೊಂಡು, ಕೈಗೆ ಬಿಸಿ ತಾಗದಷ್ಟು ಆರಿದೆ ಎಂದುಕೊಂಡು ಮತ್ತಿಯ ಮೇಲೆ ಸುರಿದೆ. ಬೆಳಿಗ್ಗೆ ನೋಡಿದರೆ ಚರ್ಮ ಸುಲಿದುಬಂದು ನೀರಿನ ಮೇಲೆ ಎಣ್ಣೆ ಕಟ್ಟಿತ್ತು. ಮತ್ತಿಯ ಮಾಂಸ ಬಹಳ ನಾಜೂಕು, ನಮಗೆ ಉಗುರುಬೆಚ್ಚಗೆ ಅನ್ನಿಸಿದ್ದೂ ಅದಕ್ಕೆ ಹೆಚ್ಚೇ. ಮಡಿಕೇರಿಯ ಡಿಸೆಂಬರ್ ಚಳಿಯನ್ನು ನಂಬಿ ಭರಣಿಯನ್ನು ಜಗುಲಿಯಲ್ಲಿಡುವುದೂ ಸರಿಯಲ್ಲ. ಇಡೀ ರಾತ್ರಿ ನಾಲ್ಕು ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರಬೇಕು, ಅದಕ್ಕೆ ಫ್ರಿಜ್ಜೇ ಆಗಬೇಕು. ಮುಚ್ಚಳ ಬಿಗಿಯಾದ ಗಾಜಿನ ಭರಣಿ ತೆಗೆದುಕೊಂಡರೆ ಹಾಲು, ಬೆಣ್ಣೆಗೆ ವಾಸನೆ ಹತ್ತುವುದಿಲ್ಲ. ಸ್ಟೀಲು, ಗಾಜು, ಪ್ಲಾಸ್ಟಿಕ್ ಯಾವುದಾದರೂ ಸರಿ, ಅಲ್ಯೂಮಿನಿಯಂ ಮಾತ್ರ ಬೇಡ, ಉಪ್ಪು ಅದನ್ನು ತಿನ್ನುತ್ತದೆ.

ಇಡೀ ಮತ್ತಿಗೆ ಹನ್ನೆರಡರಿಂದ ಹದಿನೆಂಟು ಗಂಟೆ, ಸೀಳಿದ ಪಟ್ಟಿಗಳಿಗೆ ಮೂರು-ನಾಲ್ಕು ಗಂಟೆ. ಫ್ರೀಜರಿನಲ್ಲಿ ಗಡ್ಡೆಗಟ್ಟಿದ ಮೀನಾದರೆ ಹೊರಗೆ ಕರಗಿಸಬೇಡಿ, ನೇರವಾಗಿ ತಣ್ಣನೆಯ ಉಪ್ಪುನೀರಿಗೇ ಬಿಡಿ. ಗಡ್ಡೆಗಟ್ಟುವಾಗ ಮಂಜಿನ ಹರಳುಗಳು ಮಾಂಸದ ಕೋಶಗಳನ್ನು ಹರಿದಿರುತ್ತವೆ, ಕರಗಿದಂತೆ ಒಳಗಿನ ರಸ ಸೋರುತ್ತದೆ. ಕರಗುವುದೂ ಬಿಗಿಯುವುದೂ ಒಟ್ಟೊಟ್ಟಿಗೆ ನಡೆದರೆ ನಷ್ಟ ಕಡಿಮೆ. ಆದರೂ ತಾಜಾ ಮೀನಿನ ಬಿಗಿ ಅದಕ್ಕೆ ಬರುವುದಿಲ್ಲ.

ಕೆಲಸ ಆಗಿದೆಯೇ ಎಂದು ತಿಳಿಯಲು ಮೀನನ್ನು ಬಾಲದ ಬುಡದಲ್ಲಿ ಹಿಡಿದು ಅಡ್ಡಲಾಗಿ ಚಾಚಿ. ಜೋತುಬೀಳದೆ ಸ್ವಲ್ಪ ಬಾಗಿ ನಿಂತರೆ ಆಯಿತು. ಬೆನ್ನಿನ ಮೇಲೆ ಹೆಬ್ಬೆರಳು ಒತ್ತಿದರೆ ರಬ್ಬರಿನಂತೆ ಮರಳಬೇಕು.

ಹೊಳೆಯ ಸೆಳೆತದಲ್ಲಿ ಇನ್ನೂ ಹೆಚ್ಚು ಬಾಳಿಕೆ ಬೇಕೆನ್ನುವವರಿಗೆ ಎರಡನೆಯ ಹಂತವಿದೆ, ನನಗೆ ಇದೇ ಹೆಚ್ಚು ಇಷ್ಟ. ಉಪ್ಪುನೀರಿನಿಂದ ತೆಗೆದ ಮೀನನ್ನು ಬಟ್ಟೆಯ ಮೇಲೆ ಹರಡಿ ಒರೆಸಿ, ಅಗಲ ಡಬ್ಬಿಯಲ್ಲಿ ಒಂದು ಪದರ ಹರಳುಪ್ಪು, ಒಂದು ಸಾಲು ಮೀನು, ಮತ್ತೆ ಉಪ್ಪು ಎಂಬಂತೆ ಇಟ್ಟು ಇನ್ನೊಂದು ದಿನ ಫ್ರಿಜ್‌ನಲ್ಲಿ ಬಿಡಬೇಕು. ತಳದಲ್ಲಿ ಇಳಿದ ನೀರನ್ನು ಒಮ್ಮೆ ಬಸಿಯಬೇಕು. ಮೀನು ತೊಗಲಿನಂತಾಗುತ್ತದೆ. ನಾಲ್ಕು-ಐದನ್ನು ಸೇರಿಸಿ ಗಾಳಿಯಾಡದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರೀಜರಿಗೆ ಹಾಕಿ. ಒಳಗೆ ಅಷ್ಟು ಉಪ್ಪಿರುವುದರಿಂದ ಕಲ್ಲಿನಂತೆ ಗಡ್ಡೆಗಟ್ಟುವುದಿಲ್ಲ, ತೆಗೆದ ಕೂಡಲೇ ಗಾಳಕ್ಕೆ ಚುಚ್ಚಬಹುದು. ಗಾಳಿ ಹೊರಹಾಕುವುದನ್ನು ಒತ್ತಿ ಹೇಳಲು ಕಾರಣವಿದೆ. ಮತ್ತಿಯ ಎಣ್ಣೆ ಗಾಳಿ ಸೋಕಿದರೆ ಕಮಟುತ್ತದೆ, ಉಪ್ಪು ಅದನ್ನು ತಡೆಯುವ ಬದಲು ಬೇಗ ಮಾಡಿಸುತ್ತದೆ. ಹೊಟ್ಟೆಯ ಬದಿಯಲ್ಲಿ ತುಕ್ಕಿನಂಥ ಹಳದಿ ಕಂಡರೆ ಆ ಮೀನಿನ ಕಾಲ ಮುಗಿಯಿತು. ಎರಡು-ಮೂರು ತಿಂಗಳಿಗಿಂತ ಹೆಚ್ಚು ನಾನು ಇಡುವುದಿಲ್ಲ.

ಹೆರ್ರಿಂಗ್‌ನವರು ಇದಕ್ಕೆ ಹಾಲಿನ ಪುಡಿ, ಅಡುಗೆ ಸೋಡಾ, ಬಟ್ಟೆಗೆ ಹಾಕುವ ನೀಲಿ, ಬಗೆಬಗೆಯ ಎಣ್ಣೆ ಎಲ್ಲ ಸೇರಿಸುತ್ತಾರೆ. ನೀಲಿಯಿಂದ ಹುರುಪೆ ಬೆಳ್ಳಗೆ ಮಿಂಚುತ್ತದೆ, ಕಣ್ಣಿನಿಂದ ಬೇಟೆಯಾಡುವ ಸಾಲ್ಮನ್‌ಗೆ ಆ ಮಿಂಚು ಬೇಕು. ನಮ್ಮ ಅಂಗಡಿಗಳಲ್ಲಿ ಸಿಗುವ ದ್ರವ ನೀಲಿ ಅವರು ಬಳಸುವ ಪದಾರ್ಥವಲ್ಲ, ಅದನ್ನು ಹೊಳೆಗೆ ಒಯ್ಯಬೇಡಿ. ಬಾಳೆ ಮೀನು ಸಂಜೆಗತ್ತಲಲ್ಲಿ, ಕೆಸರು ಕದಡಿದ ಮಡುವಿನಲ್ಲಿ ಮೀಸೆಯಿಂದ ತಡವಿ, ಮೂಸಿ ಹುಡುಕುತ್ತದೆ. ಅದರ ಮುಂದೆ ಬಣ್ಣ ವ್ಯರ್ಥ. ಉಪ್ಪು, ನೀರು, ಒಳ್ಳೆಯ ಮೀನು ಈ ಮೂರನ್ನು ಬಿಟ್ಟು ನನ್ನ ಭರಣಿಗೆ ನಾಲ್ಕನೆಯದು ಬೀಳುವುದಿಲ್ಲ.

ಒಣಮೀನಿನ ಬಗ್ಗೆ ಕೇಳಿದ್ದೀರಿ. ಮಳೆಗಾಲಕ್ಕೆಂದು ಅಟ್ಟದಲ್ಲಿಟ್ಟ ಒಣಮತ್ತಿಯನ್ನು ನೆನೆಸಿದರೆ ಮೇಲಿನ ಚರ್ಮ ಕಾಗದದಂತೆ ಬಿಡಿಸಿಕೊಳ್ಳುತ್ತದೆ, ಮಾಂಸ ಎಳೆಎಳೆಯಾಗಿ ಉದುರುತ್ತದೆ. ಬಿಸಿಲಿನಲ್ಲಿ ಬಿಗಿದದ್ದು ಮತ್ತೆ ನೀರು ಕುಡಿದರೆ ಮೊದಲಿನ ಮೈ ಪಡೆಯುವುದಿಲ್ಲ. ಗಾಳಕ್ಕೆ ಅದು ಬೇಡ. ಅದನ್ನು ಕುಟ್ಟಿ ರಾಗಿ ಹಿಟ್ಟಿಗೆ ಬೆರೆಸಿ ಉಂಡೆ ಮಾಡಿದರೆ ಸೊಗಸಾದ ಎರೆಯಾಗುತ್ತದೆ.

ರಾಗಿಯ ಮಾತು ಬಂದದ್ದರಿಂದ ಒಂದು ವಿಷಯ ಸ್ಪಷ್ಟಪಡಿಸುತ್ತೇನೆ. ಉಪ್ಪಿನ ಮತ್ತಿಯನ್ನು ಮಹಶೀರ್‌ಗೆ, ಅಂದರೆ ನಮ್ಮ ಬಿಳಿಮೀನಿಗೆ, ಒಡ್ಡಲು ಹೊರಡಬೇಡಿ. ಅದರ ಎರೆ ರಾಗಿ ಉಂಡೆ ಎಂಬುದು ಕಾವೇರಿ ಕಂಡ ಪ್ರತಿ ಗಾಳದವನಿಗೂ ಗೊತ್ತು. ಅದಕ್ಕಿಂತ ದೊಡ್ಡ ಕಾರಣ, ಕಾವೇರಿಯ ಡುಬ್ಬದ ಮಹಶೀರ್ 2018ರಿಂದ ಜಾಗತಿಕ ಕೆಂಪು ಪಟ್ಟಿಯಲ್ಲಿ ತೀವ್ರ ಅಳಿವಿನಂಚಿನ ಜೀವಿ. 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋದ ಮಹಶೀರ್ ಗಾಳಕ್ಕೆ ಸಿಕ್ಕ ದಾಖಲೆಯಿದೆ. ಅಂಥ ಮೀನು ಈಜಾಡಿದ ಹೊಳೆಯಿದು. ಅಕಸ್ಮಾತ್ ನಿಮ್ಮ ಗಾಳಕ್ಕೆ ಬಂದರೆ ನೀರಿನಿಂದ ಮೇಲೆತ್ತದೆ, ಒದ್ದೆ ಕೈಯಲ್ಲೇ ಗಾಳ ಬಿಡಿಸಿ, ತಲೆಯನ್ನು ಹರಿವಿಗೆ ಎದುರಾಗಿ ಹಿಡಿದು, ತಾನಾಗಿ ಈಜಿ ಹೋಗುವವರೆಗೆ ಕಾಯಿರಿ.

ಬಾಳೆ ಮೀನೂ ಈಗ ಕಡಿಮೆಯಾಗುತ್ತಿದೆ. ಮೊಳದುದ್ದಕ್ಕಿಂತ ಚಿಕ್ಕದನ್ನು ನಾನು ಬಿಟ್ಟುಬಿಡುತ್ತೇನೆ, ನೀವೂ ಹಾಗೆ ಮಾಡಿದರೆ ಸಂತೋಷ. ಉಪ್ಪಿನ ಮತ್ತಿಗೆ ಆಫ್ರಿಕನ್ ಕ್ಯಾಟ್‌ಫಿಶ್ ಕೂಡ ಬರುತ್ತದೆ. ಸಾಕಣೆಗೆ ನಿಷೇಧವಿದ್ದರೂ ಕೆರೆಗಳಿಂದ ತಪ್ಪಿಸಿಕೊಂಡು ಹೊಳೆ ಸೇರಿದ ಈ ಹೊರಗಿನ ಮೀನು ನಮ್ಮ ಮೀನುಗಳ ಮರಿಗಳನ್ನು ನುಂಗಿ ಬೆಳೆಯುತ್ತದೆ. ಅದನ್ನು ಮಾತ್ರ ಮತ್ತೆ ನೀರಿಗೆ ಬಿಡಬೇಡಿ. ಜೀವಂತ ಮೀನನ್ನು ಎರೆಯಾಗಿ ಬೇರೆ ಕೆರೆಯಿಂದ ಹೊತ್ತು ತರುವುದಕ್ಕಿಂತ ಉಪ್ಪು ಹಾಕಿದ ಕಡಲ ಮೀನು ಒಳ್ಳೆಯದು ಎನ್ನಲು ನನಗೆ ಇದೂ ಒಂದು ಕಾರಣ. ಸತ್ತ ಮತ್ತಿ ನಮ್ಮ ಹೊಳೆಯಲ್ಲಿ ಸಂಸಾರ ಹೂಡುವುದಿಲ್ಲ.

ಚುಚ್ಚುವ ಬಗೆ ಸರಳ. ಮೀನನ್ನು ನಡುವೆ ಕತ್ತರಿಸಿ ಬಾಲದ ಭಾಗ ತೆಗೆದುಕೊಳ್ಳಿ. ಬಾಲದ ಬುಡದಲ್ಲಿ, ಬೆನ್ನೆಲುಬಿನ ಒಂದು ಬದಿಯಿಂದ ಗಾಳ ತೂರಿಸಿ ಇನ್ನೊಂದು ಬದಿಗೆ ತಂದು, ಮತ್ತೊಮ್ಮೆ ಮಾಂಸದ ದಪ್ಪ ಭಾಗದಲ್ಲಿ ಚುಚ್ಚಿ ಮೊನೆಯನ್ನು ಪೂರ್ತಿ ಹೊರಗೆ ಬಿಡಿ. ಬಿಗಿದ ಮಾಂಸದೊಳಗೆ ಮೊನೆ ಹುದುಗಿದ್ದರೆ ಮೀನು ಕಚ್ಚಿದಾಗ ಗಾಳ ತಾಗುವುದೇ ಇಲ್ಲ, ಉಪ್ಪಿನ ಎರೆ ಬಳಸುವವರು ಆರಂಭದಲ್ಲಿ ಮಾಡುವ ತಪ್ಪು ಇದು. ಬಾಲದ ಬುಡಕ್ಕೆ ಹತ್ತಿ ನೂಲನ್ನು ನಾಲ್ಕು ಸುತ್ತು ಸುತ್ತಿ ಕಟ್ಟಿ. ಕತ್ತರಿಸಿದ ಬಾಯಿಂದ ಎಣ್ಣೆ, ರಸ ನೀರಿಗೆ ನಿಧಾನವಾಗಿ ಇಳಿಯುತ್ತದೆ. ಅರ್ಧ ಗಂಟೆಗೊಮ್ಮೆ ಎತ್ತಿ ಮೂಸಿ ನೋಡಿ, ವಾಸನೆ ಇಳಿದಿದ್ದರೆ ಮೀನು ಗಟ್ಟಿಯಾಗಿದ್ದರೂ ಬದಲಿಸಬೇಕು.

ಕಾಲ ಯಾವುದೆಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಮುಂಗಾರಿನ ಮೊದಲ ನೀರಿಗೆ ಹತ್ತುಮೀನು, ಅಂದರೆ ಹರಿವಿಗೆ ಎದುರಾಗಿ ಹತ್ತುವ ಮೀನು, ಮೊಟ್ಟೆ ಹೊತ್ತು ಮೇಲಕ್ಕೆ ಬರುವಾಗ ಗಾಳವನ್ನು ಗೋಡೆಗೆ ಒರಗಿಸಿಡಿ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ, ಒಳ್ಳೆಯ ಮತ್ತಿಯೂ ಆಗ ಅಪರೂಪ. ಅಕ್ಟೋಬರಿನಿಂದ ಮಾರ್ಚ್‌ವರೆಗೆ ಹೊಳೆ ತಗ್ಗಿ ಮಡುಗಳು ಬೇರೆಯಾಗಿ ಕಾಣುತ್ತವೆ, ಮತ್ತಿಯೂ ಕೊಬ್ಬಿರುತ್ತದೆ. ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕಾದ ಜಾಗವೇ ಎಂದು ಮೊದಲೇ ವಿಚಾರಿಸಿ. ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ವನ್ಯಧಾಮಗಳ ಒಳಗೆ, ನಾಗರಹೊಳೆಯ ಒಳಗೆ ಗಾಳ ಹಾಕುವಂತಿಲ್ಲ. ಸಿದ್ದಾಪುರದ ದಡದಲ್ಲಿ ಕತ್ತಲಾದ ಮೇಲೆ ಆನೆ ಹೊಳೆ ದಾಟುವುದು ನಿಮಗೆ ನಾನು ಹೇಳಬೇಕಾಗಿಲ್ಲ. ಬಾಳೆ ಮೀನು ಕಚ್ಚುವ ಹೊತ್ತೂ ಅದೇ. ಒಬ್ಬರೇ ಕೂರಬೇಡಿ, ಬೆನ್ನ ಹಿಂದೆ ದಾರಿ ತೆರೆದಿರುವ ಕಡೆ ಕೂತುಕೊಳ್ಳಿ.

ಕೊನೆಯದಾಗಿ ಭರಣಿಯಲ್ಲಿ ಉಳಿದ ನೀರು. ರಕ್ತ, ರಸ ಸೇರಿ ತೆಳುವಾಗಿರುವುದರಿಂದ ಅದನ್ನು ಎರಡನೆಯ ಸಲಕ್ಕೆ ಬಳಸಬೇಡಿ. ಕಾಫಿ ಗಿಡದ ಬುಡಕ್ಕೋ ಮೆಣಸಿನ ಬಳ್ಳಿಗೋ ಸುರಿದರೆ ಬೇರು ಸುಟ್ಟಂತೆಯೇ. ಗಿಡವಿಲ್ಲದ, ಬಾವಿಯಿಂದಲೂ ಹೊಳೆಯಿಂದಲೂ ದೂರದ ಜಾಗದಲ್ಲಿ ಗುಂಡಿ ತೋಡಿ ಸುರಿದು, ನಾಯಿ ಕೆದಕದಂತೆ ಮಣ್ಣು ಮುಚ್ಚಿ ಕಲ್ಲು ಹೇರಿ.